ಬಾಗಿಲಲ್ಲಿ ನಿಂತ ಅತ್ತೆ

ಊರಿನ ಹಿರಿಯ ತುರ್ದುಬಾಯ್ ಜ್ವರ ಬಂದು ತೀರಿಕೊಂಡ ದಿನ, ಮಣ್ಣು ಮಾಡುವ ವಿಷಯ ಮಾತಾಡಲು ಬಿಳಿ ಟೋಪಿಯ ಹಿರಿಯರೆಲ್ಲ ಸಾಯ್ರಾಕಾನಳ ಮನೆಯಲ್ಲಿ ಸೇರಿದ್ದರು. ಅವಳ ಗಂಡ ಜೋಮಾರ್ತ್ ಆಡಿದ್ದೇ ಊರಿಗೆ ಕೊನೆಯ ಮಾತು. ಸೊಸೆ ಬೇಗಾಯಿಮ್ ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದಳು. ಡಾಕ್ಟರಿಲ್ಲದ ಆ ಊರಿನ ಚಿಕ್ಕ ಆಸ್ಪತ್ರೆಗೆ ನರ್ಸ್ ಆಗಿದ್ದ ಅವಳೇ ದಿಕ್ಕು. ರೋಗ ಹಬ್ಬದಂತೆ ನೋಡಿಕೊಳ್ಳುವ ಹೊಣೆಯನ್ನು ಮೇಲಿನವರು ಅವಳಿಗೇ ವಹಿಸಿದ್ದರು. ಆದರೆ ಮನೆಯಲ್ಲಿ ಅವಳು ಮಾವನ ಹೆಸರನ್ನೂ ಬಾಯಲ್ಲಿ ಆಡಬಾರದ ಸೊಸೆ.

"ಮಾವ, ಈ ಸಲ ಅಳೋಕೆ ಬರೋರಿಗೆ ಗುಡಾರ ಹಾಕೋದು ಬೇಡ. ಕುದುರೆ ಕಡಿದು ಊಟ ಹಾಕೋದೂ ಬೇಡ. ಮಣ್ಣಿಗೆ ಹತ್ತು ಜನ ಹೋದ್ರೆ ಸಾಕು," ಎಂದಳು ಬೇಗಾಯಿಮ್, ಮೆಲ್ಲಗೆ.

"ಹತ್ತೇ ಜನಾನಾ? ತುರ್ದುಬಾಯ್ ಏನು ದಾರೀಲಿ ಬಿದ್ದು ಸತ್ತ ಭಿಕಾರಿಯಾ?" ಎಂದ ಒಬ್ಬ ಮುದುಕ. "ಜೋಮಾರ್ತ್, ನಿನ್ನ ಸೊಸೆ ಸೂಜಿ ಚುಚ್ಚೋದು ಬಿಟ್ಟು ಪಂಚಾಯ್ತಿಗೆ ಕೂತಳಲ್ಲಯ್ಯಾ!"

ಎಲ್ಲರೂ ನಕ್ಕರು. ಜೋಮಾರ್ತ್ ನಗಲಿಲ್ಲ, ಹೆಂಡತಿಯ ಕಡೆ ನೋಡಿದ. ಆ ನೋಟದ ಅರ್ಥ ಸಾಯ್ರಾಕಾನಳಿಗೆ ಗೊತ್ತಿತ್ತು. ಸೊಸೆ ಹೇಳುತ್ತಿರುವುದು ಸರಿಯೆಂದೂ ಗೊತ್ತಿತ್ತು.

"ಒಲೆ ಮೇಲೆ ನೀರು ಉಕ್ತಿದೆ, ನೋಡು ಹೋಗಮ್ಮ," ಎಂದಳು.

ಒಲೆಯ ಮೇಲೆ ಏನೂ ಇರಲಿಲ್ಲ. ಬೇಗಾಯಿಮ್ ತಲೆ ತಗ್ಗಿಸಿ ಒಳಗೆ ಹೋದಳು.

ಗುಡಾರ ಎದ್ದಿತು. ಸುತ್ತಲಿನ ಹಳ್ಳಿಗಳ ಗಂಡಸರು ದೂರದಿಂದಲೇ ಗೋಳಿಡುತ್ತ ಬಂದು, ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಒಂದೇ ತಟ್ಟೆಗೆ ಕೈಹಾಕಿ ಉಂಡರು. ಕೆಲವೇ ದಿನಗಳಲ್ಲಿ ಕೆಮ್ಮು ಮನೆಮನೆ ಹೊಕ್ಕಿತು. ಜೋಮಾರ್ತ್ ಹಾಸಿಗೆ ಹಿಡಿದ. ಅವನಿಗೆ ಉಸಿರು ಸಾಲದಾದಾಗ ಸಾಯ್ರಾಕಾನ್ ಆಸ್ಪತ್ರೆಗೆ ಓಡಿದಳು.

ಅಲ್ಲಿದ್ದುದು ಒಂದೇ ಆಮ್ಲಜನಕದ ಯಂತ್ರ. ಅದರ ಕೊಳವೆ, ಸಾವಿನ ಊಟಕ್ಕೆ ಹಿಟ್ಟು ನಾದಿದ್ದ ಎಳೆಯ ಬಾಣಂತಿಯ ಮೂಗಿನಲ್ಲಿತ್ತು.

"ನಿನ್ನ ಮಾವನಿಗೆ ಉಸಿರಾಡೋಕೆ ಆಗ್ತಿಲ್ಲ. ಆ ಯಂತ್ರ ಕೊಡು, ಮನೆಗೆ ಒಯ್ತೀನಿ," ಎಂದಳು ಸಾಯ್ರಾಕಾನ್ ಬಾಗಿಲಿಂದಲೇ.

"ತೆಗೆದರೆ ಇವಳು ಉಳಿಯಲ್ಲ ಅತ್ತೆ. ಆದರೂ ನೀವು ಹೇಳಿದ್ರೆ..." ಎಂದಳು ಬೇಗಾಯಿಮ್. ಅವಳ ಕೈ ಕೊಳವೆಯತ್ತ ಸರಿದಿತ್ತು.

ಆ ಕೈಯನ್ನು ಕಂಡು ಸಾಯ್ರಾಕಾನಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಸೊಸೆ ಎದುರಾಡುವವಳಲ್ಲ ಎಂದು ನಲ್ಲಿಯ ಹತ್ತಿರ ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದಳು! ಹಾಗೆ ಪಳಗಿಸಿದವಳೂ ತಾನೇ.

"ಬಿಡು, ಮುಟ್ಟಬೇಡ!" ಎಂದಳು. "ಹೇಳೋಕೆ ನಾನ್ಯಾರೇ? ನೀನು ಹೇಳು, ನಾನೇನು ಮಾಡ್ಲಿ?"

ಬೇಗಾಯಿಮ್ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ, ಆ ಮನೆಗೆ ಬಂದಾಗಿನಿಂದ ಯಾರೂ ಕೇಳಿರದ ದನಿಯಲ್ಲಿ, "ಮೊದಲು ಹೊರಗೆ ನಿಲ್ಲಿ. ಮುಖಕ್ಕೆ ಬಟ್ಟೆ ಕಟ್ಕೊಳ್ಳಿ. ಮಾವನ್ನ ಬೋರಲು ಮಲಗಿಸಿ, ಕಿಟಕಿ ತೆಗೀರಿ. ಇವಳು ಸ್ವಲ್ಪ ಚೇತರಿಸಿಕೊಂಡ ತಕ್ಷಣ ಯಂತ್ರ ತಗೊಂಡು ನಾನೇ ಬರ್ತೀನಿ," ಎಂದಳು.

ಬರಿಗೈಯಲ್ಲಿ ಮರಳಿದವಳನ್ನು ಜೋಮಾರ್ತ್ ನೋಡಿದ. "ಕೊಡಲಿಲ್ವಾ?"

"ಇಲ್ಲ. ಬೋರಲು ಮಲಗಬೇಕಂತೆ."

"ಯಾರ ಅಪ್ಪಣೆ?"

"ಬೇಗಾಯಿಮಳದು."

ಅವನು ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. "ಅವತ್ತು ನೀನು ಅವಳನ್ನ ಒಳಗೆ ಕಳಿಸಬಾರದಿತ್ತು."

"ನೀವು ನನ್ನ ಕಡೆ ನೋಡಿದ್ದು ಮತ್ಯಾಕೆ?"

ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಸಾಯ್ರಾಕಾನ್ ಅವನ ಹೆಗಲಿಗೆ ಕೈಕೊಟ್ಟು ಹೊರಳಿಸಿದಳು. ಕಿಟಕಿಯ ಚಿಲಕ ಬಿಗಿದುಕೊಂಡಿತ್ತು. ಅಂಗೈಯಿಂದ ಗುದ್ದಿ ಗುದ್ದಿ ತೆಗೆದಳು.