ಟಿಚ್‌ನ ಕಾಲಿನ ದಾರ

ಬೆರಳುದ್ದದ ಒಂದು ಹಕ್ಕಿಯ ವಿಷಯಕ್ಕೆ ನಿಮ್ಮ ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹಕ್ಕಿಗಳ ವಿಷಯ ಅಷ್ಟಾಗಿ ತಿಳಿಯದು. ಓದುಬರಹವೂ ಅಂಗಡಿ ಕೆಲಸ ಮುಗಿಸಿ ಸಂಜೆ ತರಗತಿಗೆ ಹೋಗಿ ಕಲಿತದ್ದು, ಹಾಗಾಗಿ ಎಲ್ಲಿ ಏನು ತಪ್ಪು ಹೇಳುತ್ತೇನೋ ಎಂಬ ಅಳುಕು ಇದ್ದೇ ಇದೆ. ಆದರೂ ಕೊನೆಯಲ್ಲಿ ಆ ಕಾಲನ್ನು ಬೆಳಕಿಗೆ ಹಿಡಿದು ನೋಡಿದವಳು ನಾನು. ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ನಮ್ಮದು ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ. ಅಂಗಡಿಯನ್ನು ಕಟ್ಟಿದವರು ಮಾವ. ಈಗ ನಡೆಸುವವರು ನನ್ನ ಗಂಡ. ನಾನು ಗುಂಡಿ ತೂರುವ ಕಾಜ ಹಾಕುತ್ತೇನೆ, ಗುಂಡಿ ಹಚ್ಚುತ್ತೇನೆ. ಕೋಟು ಕತ್ತರಿಸುವುದರಲ್ಲಿ ಮಾವನದು ಎತ್ತಿದ ಕೈ ಎಂದು ಬೀದಿಯಲ್ಲೆಲ್ಲ ಹೆಸರಿತ್ತು, ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕರೆಂಟ್ ಹೋದಾಗ ಬಟ್ಟೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದು, "ಇಲ್ಲೊಂದು ಎಳೆ ಮೇಲೆದ್ದಿದೆ, ಬಿಚ್ಚಿ ಹಾಕು" ಅನ್ನುತ್ತಿದ್ದರು. ದೀಪ ಬಂದ ಮೇಲೆ ನೋಡಿದರೆ ಅಲ್ಲಿ ಎಳೆ ಎದ್ದೇ ಇರುತ್ತಿತ್ತು.

ಈಚೆಗೆ ಅವರ ಬಲಗೈ ನಡುಗಲು ಶುರುವಾಗಿತ್ತು. ಒಮ್ಮೆ ಒಬ್ಬ ಗಿರಾಕಿಯ ಕೋಟಿನ ಬಟ್ಟೆಯಲ್ಲಿ ಕತ್ತರಿ ಗೆರೆ ಬಿಟ್ಟು ಒಳಗೆ ಹೋಯಿತು. ನನ್ನ ಗಂಡ ಆ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಮರುದಿನ ದೊಡ್ಡ ಕತ್ತರಿಯನ್ನು ತಮ್ಮ ಮೇಜಿನ ಕಡೆ ಇಟ್ಟುಕೊಂಡರು, ಮಾವನಿಗೆ ಹೊಲಿಗೆ ಬಿಚ್ಚುವ ಕೆಲಸ ಕೊಟ್ಟರು. ಅಂದಿನಿಂದ ಮಾವ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಹಳೆಯ ಪ್ಯಾಂಟುಗಳ ಹೊಲಿಗೆ ಬಿಚ್ಚುತ್ತಿದ್ದರು. ಬಂದವರು "ಏನ್ ಮೇಷ್ಟ್ರೇ, ಬಡ್ತಿ ಸಿಕ್ತಾ?" ಅಂದರೆ, "ಹೂಂ ಕಣಪ್ಪ, ಹೊಲಿಯೋರಿಂದ ಬಿಚ್ಚೋರಾಗಿದೀವಿ" ಅಂದು ನಗುತ್ತಿದ್ದರು. ಆ ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಮೇಲೆ ಮನೆಯಲ್ಲಿ ಮಾವನ ಬಳಿ ಗುಬ್ಬಿಗಿಂತ ಚಿಕ್ಕವಾದ ಎರಡು ಫಿಂಚ್ ಹಕ್ಕಿಗಳಿದ್ದವು. ಊರು ಬಿಟ್ಟು ಹೋದ ಗಿರಾಕಿಯೊಬ್ಬರು ಪಂಜರದ ಸಮೇತ ಕೊಟ್ಟು ಹೋದದ್ದು. ಗಂಡು ಹಕ್ಕಿ ದಿನವಿಡೀ ಟಿಚ್ ಟಿಚ್ ಅನ್ನುತ್ತಿತ್ತು, ಟಿಚ್ ಬಟನ್ ಒತ್ತಿದ ಹಾಗೆ. ಅದಕ್ಕೇ ಅದರ ಹೆಸರು ಟಿಚ್. ಹೆಣ್ಣಿಗೆ ಕಾಜ ಅಂತ ಇಟ್ಟರು. "ಟಿಚ್ ಬಟನ್‌ಗೆ ಕಾಜ ಬೇಡ, ಈ ಟಿಚ್‌ಗೆ ಬೇಕು. ಒಂದಿಲ್ಲದೆ ಒಂದು ಏನಕ್ಕೂ ಬಾರದು" ಅನ್ನುವುದು ಅವರ ತಮಾಷೆ. ಟಿಚ್‌ನ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ, ಕೊಕ್ಕು ಕೆಂಪು, ಕಾಲು ಕಿತ್ತಳೆ. ಗೂಡು ಕಟ್ಟಿಕೊಳ್ಳಲಿ ಎಂದು ಮೆಷಿನ್ ಕೆಳಗೆ ಬಿದ್ದ ತುಂಡು ದಾರಗಳನ್ನು ಗುಡಿಸಿ ಪಂಜರದೊಳಗೆ ಹಾಕುವುದು ಮಾವನ ರೂಢಿ. ಮನೆ ತುಂಬ ದಾರವಿರುವಾಗ ಹಕ್ಕಿಗೆ ಹುಲ್ಲು ಹುಡುಕುವವರು ಯಾರು?

ಒಂದು ಬೆಳಿಗ್ಗೆ ನೀರು ಬದಲಿಸಲು ಹೋದಾಗ ಟಿಚ್ ಒಂದೇ ಕಾಲಿನ ಮೇಲೆ ನಿಂತಿತ್ತು. ಇನ್ನೊಂದು ಕಾಲಿನ ಪಾದ ಊದಿ, ನೇರಳೆ ಬಣ್ಣಕ್ಕೆ ತಿರುಗಿತ್ತು. ನಿದ್ದೆಯಲ್ಲಿ ಹಕ್ಕಿಗಳು ಕಾಲು ಎತ್ತಿಕೊಳ್ಳುತ್ತವಲ್ಲ ಎಂದು ಹಿಂದಿನ ದಿನ ಸುಮ್ಮನಾಗಿದ್ದೆನೋ ಏನೋ, ನೆನಪಾಗುತ್ತಿಲ್ಲ. ಹತ್ತಿರದಿಂದ ನೋಡಿದೆ. ಪಾದದ ಗಂಟಿನ ಮೇಲೆ ದಾರ ಬಿಗಿದಿತ್ತು. ಕಿತ್ತಳೆ ಕಾಲಿಗೆ ಕಿತ್ತಳೆ ದಾರ. ಆಗ ನಾವು ರಸ್ತೆ ಕೆಲಸದವರ ಜಾಕೀಟುಗಳನ್ನು ಹೊಲಿಯುತ್ತಿದ್ದೆವು.

"ರೀ, ಬನ್ನಿ ಇಲ್ಲಿ!" ಎಂದು ಕೂಗಿದೆ. ಮಾವನೂ ಬಂದರು.

"ನೋಡಪ್ಪ, ಎಷ್ಟು ಸಲ ಹೇಳಿದ್ದೆ, ದಾರ ಹಾಕಬೇಡ ಅಂತ" ಎಂದರು ನನ್ನ ಗಂಡ.

"ನಾನು ಹಾಕ್ತಿದ್ದಿದ್ದು ಹತ್ತಿ ದಾರ ಕಣೋ. ಎಳೆದ್ರೆ ಹರೀತಿತ್ತು. ಈ ಪಾಲಿಯೆಸ್ಟರ್ ತಂದೋನು ನೀನು. ಮಂಚ ಮುರಿದ್ರೂ ಇದು ಹರಿಯಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ದಾರ ನಂದಾದ್ರೆ ಏನಾಯ್ತು, ಹಾಕಿದ ಕೈ ಯಾರ್ದು?"

ಕೈ ಎಂಬ ಮಾತು ಬಂದದ್ದೇ ಮಾವ ತಣ್ಣಗಾದರು. ಬಲಗೈಯನ್ನು ಜೇಬಿನೊಳಗೆ ಹಾಕಿಕೊಂಡರು. ನನ್ನ ಗಂಡನಿಗೂ ಆಡಬಾರದ್ದು ಆಡಿದೆ ಅನಿಸಿರಬೇಕು, ಅತ್ತ ತಿರುಗಿ ಪಂಜರದ ಬಾಗಿಲು ಸರಿಮಾಡತೊಡಗಿದರು.

ನಾನು ಪ್ರಾಣಿಗಳ ಆಸ್ಪತ್ರೆಗೆ ಫೋನ್ ಮಾಡಿದೆ. ಹಕ್ಕಿ ನೋಡುವ ಡಾಕ್ಟರು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂದಳು ಅಲ್ಲಿಯ ನರ್ಸು. ಅಷ್ಟು ದಿನ ತಡೆಯುತ್ತಾ ಎಂದು ಕೇಳಿದೆ. "ತಡೆಯಲ್ಲಮ್ಮ. ಊತ ಬಂದಿದ್ರೆ ದಾರ ಇವತ್ತೇ ತೆಗೀಬೇಕು. ಕೈಯಲ್ಲಿ ಹಿಡಿಯುವಾಗ ಎದೆ ಹಿಂಡಬೇಡಿ, ಅದು ಉಸಿರಾಡೋದೇ ಎದೆ ಆಡಿಸಿ. ಆಮೇಲೆ ಬೆಚ್ಚಗಿಡಿ. ಎಲ್ಲಾ ಸುತ್ತೂ ಬಂತಾ ಅಂತ ಚೆನ್ನಾಗಿ ನೋಡಿ, ಒಂದು ಉಳಿದ್ರೂ ಕಷ್ಟ" ಎಂದಳು. ನಾನು ಅದನ್ನು ಹಾಗೇ ಇಬ್ಬರಿಗೂ ಒಪ್ಪಿಸಿದೆ.

"ಬೇರೆ ಊರಿನ ಆಸ್ಪತ್ರೆಗೆ ಒಯ್ಯೋಣ" ಎಂದರು ನನ್ನ ಗಂಡ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?" ಎಂದರು ಮಾವ. "ಬಸ್ಸಲ್ಲಿ ಹೆದರಿಯೇ ಸತ್ತುಹೋಗತ್ತೆ. ಹೊಲಿಗೆ ಬಿಚ್ಚೋದು ನನ್ನ ಕೆಲಸ ಅಂತ ನೀನೇ ತಾನೆ ಹೇಳಿದ್ದು? ನಾನು ಬಿಚ್ತೀನಿ."

"ಅಪ್ಪಾ, ನಿನ್ನ ಕೈ..."

"ಕೈ ನೋಡ್ಕೊಳ್ಳೋನು ನಾನು. ಹಕ್ಕಿಗೆ ಒಂದು ಗೀರು ಬಿದ್ರೆ ಇನ್ನು ಈ ಜನ್ಮದಲ್ಲಿ ಕತ್ತರಿ ಮುಟ್ಟಲ್ಲ. ದಾರ ನೀಟಾಗಿ ಬಂದ್ರೆ ಮುಂದಿನ ಕೋಟು ನಾನು ಕತ್ತರಿಸೋನು. ಆಯ್ತಾ?"

ನನ್ನ ಗಂಡ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಅವರು, "ಆಯ್ತಪ್ಪ" ಎಂದರು.

ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆವು. ಟಿಚ್‌ನನ್ನು ಹಿಡಿಯುವ ಕೆಲಸ ನನ್ನದು. ಅಂಗೈಯೊಳಗೆ ಹಕ್ಕಿ ಇದೆಯೋ ಇಲ್ಲವೋ ಎಂಬಷ್ಟು ಹಗುರ, ಆದರೆ ಅದರ ಎದೆ ಮೆಷಿನ್ ಮೋಟರಿನ ಹಾಗೆ ಅದುರುತ್ತಿತ್ತು. ಸಡಿಲ ಬಿಟ್ಟರೆ ಹಾರುತ್ತದೆ, ಬಿಗಿ ಹಿಡಿದರೆ ಉಸಿರು ಕಟ್ಟುತ್ತದೆ. ಎರಡರ ನಡುವೆ ಎಷ್ಟು ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನನ್ನ ಗಂಡ ದೀಪ ಹಿಡಿದರು. ಮಾವ ಎರಡೂ ಮೊಣಕೈಗಳನ್ನು ಮೇಜಿಗೆ ಊರಿ, ಬಲ ಮಣಿಕಟ್ಟನ್ನೂ ಮೇಜಿಗೇ ಒತ್ತಿ ಹಿಡಿದು, ಎಡಗೈಯಲ್ಲಿದ್ದ ಸಣ್ಣ ಸೂಜಿಯ ಮೊಂಡು ತುದಿಯನ್ನು ದಾರದ ಕೆಳಗೆ ತೂರಿಸಿದರು.

ಕೈ ನಡುಗಲಿಲ್ಲ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ನಿಜವಾಗಿಯೂ ನಡುಗಲಿಲ್ಲ. ಸೂಜಿಯಿಂದ ಎಳೆಯನ್ನು ಕೂದಲಿನಷ್ಟು ಎತ್ತುವುದು, ದಾರ ಕತ್ತರಿಸುವ ಪುಟ್ಟ ಕತ್ತರಿಯ ತುದಿ ಇಡುವುದು, ಕಚಕ್. ಮತ್ತೆ ಎತ್ತುವುದು, ಕಚಕ್. ಬಿಳಿ ಬಟ್ಟೆಯ ಮೇಲೆ ಕಿತ್ತಳೆ ಚೂರುಗಳು ಬೀಳುತ್ತಾ ಹೋದವು. ಟಿಚ್ ಒಮ್ಮೆ ಕೊಕ್ಕು ತೆರೆದು ಮುಚ್ಚಿತು, ಸದ್ದು ಮಾಡಲಿಲ್ಲ. ಮಹಡಿಯ ಮೇಲಿನಿಂದ ಕಾಜ ಒಂದೇ ಸಮ ಕೂಗುತ್ತಿತ್ತು.

"ಆಯ್ತು" ಎಂದರು ಮಾವ. ಹಣೆಯಲ್ಲಿ ಬೆವರು. "ನೋಡೋ, ಒಂದು ತೊಟ್ಟು ರಕ್ತ ಇದೆಯಾ?"

ಇರಲಿಲ್ಲ.

"ಎಲ್ಲಾ ಸುತ್ತೂ ಬಂತಾ ಮಾವ?" ಎಂದೆ. ಕೇಳಿದ್ದು ನನಗೆ ನೆನಪಿದೆ.

ಅವರು ಕನ್ನಡಕ ಮೇಲೆತ್ತಿ ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದರು. ನನ್ನ ಗಂಡ ಬಗ್ಗಿ ನೋಡಿದರು. ನಾನೂ ನೋಡಿದೆ. ಊದಿದ ಚರ್ಮ ಕಂಡಿತು, ಅದರಲ್ಲೊಂದು ತಗ್ಗು ಕಂಡಿತು, ದಾರ ಕಾಣಲಿಲ್ಲ.

"ಮೇಷ್ಟ್ರು ಇನ್ನೂ ಮೇಷ್ಟ್ರೇ" ಎಂದರು ನನ್ನ ಗಂಡ. ಹಾಗಂದವರೇ ದೊಡ್ಡ ಕತ್ತರಿ ತಂದು ಅಪ್ಪನ ಮುಂದೆ ಇಟ್ಟರು. ಮಾವ ಅದನ್ನು ತಕ್ಷಣ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಅದರ ಹಿಡಿಯನ್ನೇ ನೋಡುತ್ತಾ ಕೂತರು, ಕಸಿದುಕೊಂಡಿದ್ದ ಆಟದ ಸಾಮಾನು ಮರಳಿ ಸಿಕ್ಕಾಗ ಚಿಕ್ಕ ಮಕ್ಕಳು ನೋಡುವ ಹಾಗೆ.

ನಾನು ಒಂದು ಚಪ್ಪಲಿ ಡಬ್ಬಕ್ಕೆ ಗಾಳಿಗೆ ತೂತು ಮಾಡಿ, ಒಳಗೆ ಮೆತ್ತನೆ ಬಟ್ಟೆ ಹಾಸಿ, ಹೊರಗೊಂದು ಬಲ್ಬು ಉರಿಸಿಟ್ಟೆ. ಹೆಚ್ಚು ಬಿಸಿಯಾದರೆ? ಕಡಿಮೆಯಾದರೆ? ಮೆಟ್ಟಿಲು ಹತ್ತಿ ಇಳಿದು, ಒಳಗೆ ಕೈಯಿಟ್ಟು ನೋಡುವುದೇ ನನ್ನ ಕೆಲಸವಾಯಿತು. ಬಾಟಲಿಯ ಮುಚ್ಚಳದಲ್ಲಿ ನೀರು, ಸಣ್ಣ ಕಾಳು, ಬೇಯಿಸಿದ ಮೊಟ್ಟೆಯ ಹಳದಿ ಪುಡಿ. ಕುದಿಸಿ ಆರಿಸಿದ ಉಪ್ಪು ನೀರಲ್ಲಿ ಹತ್ತಿ ಅದ್ದಿ ಕಾಲು ಒರೆಸುತ್ತಿದ್ದೆ. ಡಬ್ಬವನ್ನು ಪಂಜರದ ಪಕ್ಕದಲ್ಲೇ ಇಟ್ಟಿದ್ದೆ. ಕಾಜ ಕೂಗಿದರೆ ಒಳಗಿನಿಂದ ಇದು ಉತ್ತರ ಕೊಡುತ್ತಿತ್ತು.

ಕೆಳಗೆ ಮಾವ ಕೋಟು ಕತ್ತರಿಸಿದರು. ಚಾಕ್ ಗೆರೆಯ ಮೇಲೆ ಕತ್ತರಿ ನೀರಿನ ಹಾಗೆ ಹರಿಯಿತು. ಮಧ್ಯಾಹ್ನ ಮೇಲೆ ಬಂದು ಡಬ್ಬದೊಳಗೆ ಇಣುಕಿ, "ಏನಯ್ಯಾ ಗಿರಾಕಿ, ಟ್ರಯಲ್‌ಗೆ ಯಾವಾಗ ಬರ್ತೀಯಾ?" ಎಂದರು. ಎಷ್ಟೋ ಕಾಲದ ಮೇಲೆ ಅವರು ಬಡಿಸಿದ್ದೆಲ್ಲ ತಿಂದರು.

ಮೊದಲು ಊತ ಇಳಿದಂತೆ ಕಂಡಿತು. ಆಮೇಲೆ ಪಾದ ಕಪ್ಪಾಗತೊಡಗಿತು. ನಾನು ಮತ್ತೆ ಫೋನ್ ಮಾಡಿದೆ. "ರಕ್ತ ಓಡ್ತಿಲ್ಲ ಅಂದ್ರೆ ಪಾದ ಒಣಗಿ ಬಿದ್ದುಹೋಗತ್ತೆ, ಒಂಟಿ ಕಾಲಲ್ಲೂ ಬದುಕ್ತಾವೆ, ಹೆದರಬೇಡಿ" ಎಂದಳು ನರ್ಸು. ಮಾವನಿಗೆ ಹೇಳಿದೆ.

"ಬದುಕಲಿ ಬಿಡು. ಒಂದು ಕಾಲಾದ್ರೇನು, ಕೂರೋದಕ್ಕೆ ಅಗಲವಾದ ಪಟ್ಟಿ ಮಾಡಿಕೊಡ್ತೀನಿ" ಎಂದು, ಹಳೆಯ ಅಳತೆ ಕೋಲನ್ನು ತುಂಡು ಮಾಡಿ ಉಜ್ಜಿ ನುಣುಪು ಮಾಡಿದರು. ಅದರ ಮೇಲೆ ಅಂಕಿಗಳು ಇನ್ನೂ ಉಳಿದಿದ್ದವು.

ಆ ಪಟ್ಟಿಯ ಮೇಲೆ ಟಿಚ್ ಕೂರಲಿಲ್ಲ. ಒಂದು ಬೆಳಿಗ್ಗೆ ಡಬ್ಬ ತೆರೆದಾಗ ಬಟ್ಟೆಯ ಮೇಲೆ ಒರಗಿಕೊಂಡಿತ್ತು, ಕಣ್ಣು ಅರೆ ಮುಚ್ಚಿತ್ತು. ಬಲ್ಬು ಉರಿಯುತ್ತಲೇ ಇತ್ತು, ಆದ್ದರಿಂದ ಮೈ ಬೆಚ್ಚಗಿತ್ತು. ಸತ್ತಿದೆ ಎಂದು ಒಪ್ಪಿಕೊಳ್ಳಲು ನನಗೆ ಹೊತ್ತು ಹಿಡಿಯಿತು.

ಏನು ತಪ್ಪಿದೆ ಎಂದು ತಿಳಿಯದೆ ಇರಲಾರದ ಸ್ವಭಾವ ನನ್ನದು. ಕಿಟಕಿಯ ಬಳಿ ಒಯ್ದು ಕಾಲು ನೋಡಿದೆ. ತಗ್ಗಿನ ಮೇಲಿನ ಹಕ್ಕಳೆ ಉದುರಿತ್ತು. ಅದರ ಕೆಳಗೆ, ಚರ್ಮದೊಳಗೆ ಹೂತುಕೊಂಡು, ಒಂದು ಸಣ್ಣ ಕಿತ್ತಳೆ ಗೆರೆ. ಸೂಜಿ ತಾಗಿಸಿದೆ. ಹೊಳೆಯಿತು. ಚರ್ಮಕ್ಕೆ ಆ ಹೊಳಪಿರುವುದಿಲ್ಲ, ನಾನು ದಿನವೂ ಕೈಯಲ್ಲಿ ಹಿಡಿಯುವ ದಾರ ಅದು. ಒಂದು ಸುತ್ತು ಉಳಿದಿತ್ತು.

ಕೆಳಗೆ ಗಿರಾಕಿ ಟ್ರಯಲ್‌ಗೆ ಬಂದಿದ್ದ. "ಹೆಗಲು ಅಚ್ಚು ಹೊಯ್ದ ಹಾಗೆ ಕೂತಿದೆ ಮೇಷ್ಟ್ರೇ!" ಎನ್ನುವುದು ಮೆಟ್ಟಿಲವರೆಗೂ ಕೇಳಿಸಿತು. ನಾನು ಸೂಜಿಯನ್ನು ಕೆಳಗಿಟ್ಟೆ. ದಾರವನ್ನು ತೆಗೆಯಲಿಲ್ಲ. ತೆಗೆದರೆ ಅದನ್ನು ಎಲ್ಲಾದರೂ ಇಡಬೇಕಾಗುತ್ತಿತ್ತು, ಇಟ್ಟಲ್ಲಿ ಮಾವನ ಕಣ್ಣಿಗೆ ಬೀಳುತ್ತಿತ್ತು. ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಟಿಚ್‌ನನ್ನು ಸುತ್ತಿ, ತುದಿ ಮಡಚುತ್ತಿದ್ದೆ, ಮಾವ ಮೇಲೆ ಬಂದರು. ನನ್ನ ಮುಖ ನೋಡಿದವರಿಗೆ ಹೇಳಬೇಕಾಗಿ ಬರಲಿಲ್ಲ.

"ಯಾವಾಗ?"

"ಬೆಳಿಗ್ಗೆ ನೋಡಿದಾಗಲೇ ಹೋಗಿತ್ತು ಮಾವ."

"ಕೊಡಮ್ಮ ಇಲ್ಲಿ."

"ಬೇಡ ಮಾವ, ಸುತ್ತಿಬಿಟ್ಟಿದೀನಿ."

"ಕೊಡು ತಾಯಿ. ಸುತ್ತಿದ್ದನ್ನ ಬಿಚ್ಚೋದೇ ಅಲ್ವಾ ನನ್ನ ಕೆಲಸ."

ಕೊಟ್ಟೆ. ಕನ್ನಡಕ ಕೆಳಗೆ ಅಂಗಡಿಯಲ್ಲೇ ಬಿಟ್ಟು ಬಂದಿದ್ದರು. ಅವರು ಬಟ್ಟೆ ಸರಿಸಿ, ತಲೆ ಸವರಿದರು, ರೆಕ್ಕೆ ಸರಿಪಡಿಸಿದರು. ಆಮೇಲೆ ಹೆಬ್ಬೆರಳಿನ ಉಗುರನ್ನು ಆ ಕಾಲಿನ ಮೇಲೆ, ಮೇಲಿನಿಂದ ಕೆಳಗೆ, ನಿಧಾನವಾಗಿ ಎಳೆದರು. ನಡುವೆ ಒಂದು ಕಡೆ ಉಗುರು ನಿಂತಿತು. ಅಥವಾ ನಿಂತಂತೆ ನನಗೆ ಕಂಡಿತು. ಅಷ್ಟರಲ್ಲಿ ಅವರ ಕೈ ನಡುಗತೊಡಗಿತ್ತು.

"ಚೆನ್ನಾಗಿ ನೋಡಿಕೊಂಡೆ ಕಣಮ್ಮ ನೀನು" ಎಂದು ಮಾತ್ರ ಹೇಳಿ, ಬಟ್ಟೆಯನ್ನು ಮತ್ತೆ ತಾವೇ ಮಡಚಿದರು. ಮಡಿಕೆ ನೇರವಾಗಿ ಬರಲಿಲ್ಲ.

ಹಿತ್ತಲ ಕುಂಡವೊಂದರ ಮಣ್ಣಿನಲ್ಲಿ ಹೂತೆವು. ಮರುದಿನ ನನ್ನ ಗಂಡ ಇನ್ನೊಂದು ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, "ಬಾರಪ್ಪ, ಗಿರಾಕಿ ನಿನ್ನ ಕೈಯಲ್ಲೇ ಆಗಬೇಕು ಅಂತಿದಾನೆ" ಎಂದರು.

"ಕಣ್ಣು ಉರೀತಿದೆ ಕಣೋ. ನೀನೇ ಮಾಡು."

"ಮೊನ್ನೆ ಅಷ್ಟು ಚೆನ್ನಾಗಿ ಮಾಡಿದೆಯಲ್ಲಪ್ಪ!"

"ಮೊನ್ನೆ ಮೊನ್ನೆಗೆ ಆಯ್ತು" ಎಂದು ಮಾವ ಬಾಗಿಲ ಪಕ್ಕದ ಸ್ಟೂಲಿಗೆ ಹೋಗಿ ಕೂತರು. ಅದಾದ ಮೇಲೆ ಅವರು ದೊಡ್ಡ ಕತ್ತರಿ ಮುಟ್ಟಿದ್ದನ್ನು ನಾನು ನೋಡಿಲ್ಲ. ಸಂಜೆ ಅಂಗಡಿ ಮುಚ್ಚುವ ಮೊದಲು ನೆಲದ ಮೇಲೆ ಬಿದ್ದ ದಾರಗಳನ್ನೆಲ್ಲ ಬಗ್ಗಿ ಬಗ್ಗಿ ಆರಿಸಿ, ಮುಚ್ಚಳವಿರುವ ಡಬ್ಬಿಗೆ ಹಾಕುತ್ತಾರೆ. ಕಾಜಕ್ಕೆ ಜೊತೆ ತರೋಣವೇ ಎಂದರೆ ಬೇಡ ಎನ್ನುತ್ತಾರೆ. ಅದು ಈಗಲೂ ಕೂಗುತ್ತದೆ, ಕೂಗಿ ಸುಮ್ಮನಾಗಿ, ಉತ್ತರಕ್ಕೆ ಕಾದು, ಮತ್ತೆ ಕೂಗುತ್ತದೆ.

ಆ ಒಂದು ಸುತ್ತಿನಿಂದಲೇ ಟಿಚ್ ಸತ್ತಿತೋ, ದಾರ ತೆಗೆಯುವ ಮೊದಲೇ ಕಾಲು ಸತ್ತಿತ್ತೋ, ನನ್ನ ಹಿಡಿತವೋ, ನನ್ನ ಬಲ್ಬೋ, ನನಗೆ ಗೊತ್ತಿಲ್ಲ. ಉಗುರಿಗೆ ದಾರ ತಾಗಿದ್ದು ಮಾವನಿಗೆ ತಿಳಿಯಿತೋ ಇಲ್ಲವೋ, ಅದೂ ಗೊತ್ತಿಲ್ಲ. ಅವರು ಹೇಳಿಲ್ಲ, ನಾನು ಕೇಳಿಲ್ಲ.