ಕಾರಿಡಾರಿನ ಅಳತೆ

ಸರ್ವೇಯರ್ ಕೆಲಸದಿಂದ ನಿವೃತ್ತನಾಗಿ ಹದಿಮೂರು ವರ್ಷವಾಗಿತ್ತು, ಆದರೆ ಅವನ ಕಾಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಎಲ್ಲಿ ನಡೆದರೂ ಅವು ತಮ್ಮ ಪಾಡಿಗೆ ತಾವು ಲೆಕ್ಕ ಹಾಕುತ್ತಿದ್ದವು. ಗೇಟಿನಿಂದ ಬಸ್ ನಿಲ್ದಾಣಕ್ಕೆ ನಾನೂರ ಹನ್ನೆರಡು, ಹಾಸಿಗೆಯಿಂದ ಬಚ್ಚಲಿಗೆ ಹದಿನಾಲ್ಕು. ಯಾರಾದರೂ ಮಾತಿಗೆಳೆದರೆ ಬಾಯಿ ಉತ್ತರ ಕೊಡುತ್ತಿತ್ತು, ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ.

ಹಾಗಾಗಿ ಪರೀಕ್ಷಾ ಕೇಂದ್ರದ ಹೊಸ ಕಟ್ಟಡದಲ್ಲಿ ಆ ವರ್ಷದ ನಡಿಗೆ ಮುಗಿಸಿದಾಗ ಆರುನೂರರ ಬದಲು ಐನೂರ ಎಪ್ಪತ್ತೇ ಹೆಜ್ಜೆಯಾದದ್ದು ಅವನಿಗೆ ತಕ್ಷಣ ಗೊತ್ತಾಯಿತು.

ಮುಪ್ಪನ್ನು ನಿಧಾನ ಮಾಡಬಹುದು ಎಂದು ವಿಜ್ಞಾನಿಗಳು ನಿರೀಕ್ಷೆ ಇಟ್ಟಿದ್ದ ಒಂದು ಮಾತ್ರೆಯನ್ನು ಅರವತ್ತೈದು ದಾಟಿದ, ಕಾಯಿಲೆಯಿಲ್ಲದ ಜನರಿಗೆ ಕೊಟ್ಟು ನೋಡುತ್ತಿದ್ದ ಕೇಂದ್ರ ಅದು. ಅರ್ಧ ಜನರಿಗೆ ಔಷಧ, ಉಳಿದರ್ಧ ಜನರಿಗೆ ನೋಡಲು ಥೇಟ್ ಹಾಗೇ ಇರುವ ಬರೀ ಗುಳಿಗೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ತಿಳಿಯದು, ಕೊಡುವವರಿಗೂ ತಿಳಿಯದು. ವರ್ಷಕ್ಕೊಮ್ಮೆ ರಕ್ತ ತೆಗೆದು, ಕೈಹಿಡಿತದ ಬಲ ನೋಡಿ, ನೆನಪಿನ ಪ್ರಶ್ನೆ ಕೇಳಿ, ಕೊನೆಗೆ ನಾನೂರು ಮೀಟರ್ ನಡೆಸುತ್ತಿದ್ದರು. ಕಾರಿಡಾರಿನ ನೆಲಕ್ಕೆ ಇಪ್ಪತ್ತು ಮೀಟರ್ ದೂರದಲ್ಲಿ ಎರಡು ಕೆಂಪು ಪಟ್ಟಿ ಅಂಟಿಸಿರುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಇಪ್ಪತ್ತು ಸಲ. ಸುಸ್ತಾದರೆ ಗೋಡೆಗೆ ಕೈಕೊಟ್ಟು ನಿಲ್ಲಬಹುದು. ಕುರ್ಚಿಯಲ್ಲಿ ಕೂತರೆ ನಡಿಗೆ ಅಲ್ಲಿಗೆ ಮುಗಿಯಿತು.

ನಾನೂರು ಮೀಟರಿಗೆ ಐನೂರ ಎಪ್ಪತ್ತು. ಅಂದರೆ ಹೆಜ್ಜೆಯೊಂದಕ್ಕೆ ಮೂರೂವರೆ ಸೆಂಟಿಮೀಟರ್ ಹೆಚ್ಚು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಯಾರ ಹೆಜ್ಜೆಯೂ ತಾನಾಗಿ ಉದ್ದವಾಗುವುದಿಲ್ಲ. ತನಗೆ ಸಿಕ್ಕಿರುವುದು ನಿಜವಾದ ಔಷಧವೇ ಎಂದು ಸರ್ವೇಯರ್‌ಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಹಿಂದಿನ ವರ್ಷ ಐದು ನಿಮಿಷ ಐವತ್ತು ಸೆಕೆಂಡು ಹಿಡಿದದ್ದು ಈ ಸಲ ಐದು ಮೂವತ್ತೆಂಟಕ್ಕೆ ಇಳಿದಿತ್ತು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಕ್ಕನಿಗೆ ತಡೆಯಲಾರದೆ ಹೇಳಿಬಿಟ್ಟ.

“ನಾಲಿಗೆ ಮೊದಲೇ ಉದ್ದ ಇತ್ತು, ಈಗ ಹೆಜ್ಜೆನೂ ಉದ್ದ ಆಯ್ತಾ?” ಎಂದಳು ಅಕ್ಕ.

ಅಕ್ಕ ಟೆಲಿಫೋನ್ ಆಪರೇಟರ್ ಆಗಿದ್ದವಳು. ಅವನಿಗಿಂತ ಆರು ವರ್ಷ ದೊಡ್ಡವಳು, ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದಳು, ಅದೇ ಪರೀಕ್ಷೆಗೆ ಸೇರಿದ್ದಳು. ಹೋದ ವರ್ಷ ಜ್ವರ ಬಿಟ್ಟ ಮೇಲೆ ನಡೆಯಲು ಬಂದು, ಹದಿನೇಳು ಸಲ ಮುಗಿಸಿ ಕುರ್ಚಿಗೆ ಕುಸಿದಿದ್ದಳು. ಫಾರಮ್ಮಿನಲ್ಲಿ ‘ಪೂರ್ಣಗೊಳಿಸಲಿಲ್ಲ’ ಎಂಬ ಚೌಕಕ್ಕೆ ನರ್ಸ್ ಗುರುತು ಹಾಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದು ವರ್ಷವಿಡೀ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಇಪ್ಪತ್ತನ್ನೂ ಮುಗಿಸಿದ್ದಳು. ಮನೆಗೆ ಬಂದವಳೇ ಕಂಬಿ ಹಿಡಿಯದೆ ಮಹಡಿ ಹತ್ತಿ, ಎಕ್ಸ್‌ಚೇಂಜಿನ ನಾಲ್ವರು ಗೆಳತಿಯರಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿದಳು. ಔಷಧವೋ ಬರೀ ಗುಳಿಗೆಯೋ, ಇಪ್ಪತ್ತು ಅಂದರೆ ಇಪ್ಪತ್ತು ಎಂದು ಅವಳು ಹೇಳುತ್ತಿದ್ದದ್ದು ಕೆಳಗಿನ ಅಡುಗೆಮನೆಗೂ ಕೇಳಿಸಿತು.

ಸಂತೋಷಪಟ್ಟರೂ ಪರೀಕ್ಷಿಸದೆ ಬಿಡುವ ಅಭ್ಯಾಸ ಸರ್ವೇಯರ್‌ಗೆ ಇರಲಿಲ್ಲ. ಮನೆಯೆದುರಿನ ಬೀದಿಯಲ್ಲಿ ಎರಡು ವಿದ್ಯುತ್ ಕಂಬಗಳ ನಡುವೆ ಐವತ್ತು ಮೀಟರ್. ಅದನ್ನು ಅವನೇ ಉಕ್ಕಿನ ಟೇಪು ಹಿಡಿದು ಅಳೆದಿದ್ದ. ಎಪ್ಪತ್ತೈದು ಹೆಜ್ಜೆಯ ದಾರಿ. ಉದ್ದವಾದ ಹೆಜ್ಜೆಗೆ ಎಪ್ಪತ್ತೊಂದೋ ಎಪ್ಪತ್ತೆರಡೋ ಆಗಬೇಕು. ಮರುದಿನ ಬೆಳಿಗ್ಗೆ ನಡೆದ. ಎಪ್ಪತ್ತಾರು. ಮತ್ತೆ ನಡೆದ. ಎಪ್ಪತ್ತೈದು. ಮೂರನೆಯ ಸಲ ಮತ್ತೆ ಎಪ್ಪತ್ತಾರು. ಹಾಲಿನ ಡಬ್ಬಿ ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯಾಕೆ ಏನಾದರೂ ಕಳೆದುಹೋಯಿತೇ ಎಂದು ಕೇಳಿದಳು. ಮೂರೂವರೆ ಸೆಂಟಿಮೀಟರ್ ಎಂದು ಅವನು ಹೇಳಲಿಲ್ಲ.

ಅವನ ಹೆಜ್ಜೆ ಬೆಳೆದಿರಲಿಲ್ಲ. ಕಾರಿಡಾರು ಕುಗ್ಗಿತ್ತು.

ಕಂಬಕ್ಕೆ ಒರಗಿ ಲೆಕ್ಕ ಹಾಕಿದ. ಒಂದು ಸಲಕ್ಕೆ ಒಂದು ಮೀಟರ್ ಕಡಿಮೆ, ಇಪ್ಪತ್ತು ಸಲಕ್ಕೆ ಇಪ್ಪತ್ತು ಮೀಟರ್. ಅಕ್ಕ ಮುಗಿಸಿದ್ದು ಮುನ್ನೂರ ಎಂಬತ್ತು. ತನ್ನ ಹನ್ನೆರಡು ಸೆಕೆಂಡು ಹೋದರೆ ಹೋಗಲಿ, ಅದನ್ನು ಕೊಡವಿಕೊಂಡು ಎದ್ದೇಳಬಹುದು. ಅಕ್ಕನ ಇಪ್ಪತ್ತನ್ನು ಯಾವ ಬಾಯಿಂದ ಕಿತ್ತುಕೊಳ್ಳುವುದು? ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ ಎಂದೂ ಯೋಚಿಸಿದ. ಆದರೆ ಮೂವತ್ತೆರಡು ವರ್ಷ ಅವನು ತಿಂದದ್ದು ಅಳತೆಯ ಅನ್ನ. ಬುಡದ ಗೆರೆ ತಪ್ಪಿದ ನಕ್ಷೆಯಲ್ಲಿ ಮಿಕ್ಕ ಗೆರೆಗಳು ಎಷ್ಟೇ ಚೆನ್ನಾಗಿದ್ದರೂ ಅದನ್ನು ಹರಿದೇ ಹಾಕಬೇಕಿತ್ತು. ಅಟ್ಟದಿಂದ ಉಕ್ಕಿನ ಟೇಪು ಇಳಿಸಿ, ಧೂಳು ಒರೆಸಿ, ಅಕ್ಕನಿಗೆ ಹೇಳದೆ ಬಸ್ಸು ಹತ್ತಿದ.

ನರ್ಸ್‌ಗೆ ಮೊದಲು ನಗು ಬಂತು. ಪಟ್ಟಿ ಅಂಟಿಸಿದವಳು ತಾನೇ, ಟೇಪು ಹಿಡಿದು ಎರಡು ಸಲ ನೋಡಿದ್ದೇನೆ ಎಂದಳು. ಅವನು ಜಗ್ಗಲಿಲ್ಲ. ಅವಳ ಕೈಗೆ ಟೇಪಿನ ತುದಿ ಕೊಟ್ಟು ತಾನು ಆ ಕಡೆಗೆ ನಡೆದು, ಮಂಡಿಯೂರಿ ಓದಿದ. ಹತ್ತೊಂಬತ್ತು ಮೀಟರ್, ಎರಡು ಸೆಂಟಿಮೀಟರ್.

“ನಿಮ್ಮ ಟೇಪು ತನ್ನಿ ಸಿಸ್ಟರ್, ನೋಡೋಣ.”

ಕಪಾಟಿನಿಂದ ಬಂದದ್ದು ಬಟ್ಟೆಯ ಟೇಪು. ತುದಿಯ ಕಬ್ಬಿಣದ ಉಂಗುರವನ್ನು ಅಚ್ಚುಕಟ್ಟಾಗಿ ಹೊಲಿದಿದ್ದರು. ಎಂದೋ ಯಾರೋ ಹರಿದುಹೋದ ಮೊದಲ ಮೀಟರನ್ನು ಕತ್ತರಿಸಿ, ಉಳಿದ ತುದಿಗೆ ಉಂಗುರ ಜೋಡಿಸಿದ್ದರು. ಉಂಗುರದ ಬುಡದಲ್ಲೇ ‘ಒಂದು’ ಎಂದಿತ್ತು. ಆ ಕೊನೆಯಲ್ಲಿ ಇಪ್ಪತ್ತು ಓದಿದವರು ಈ ಕೊನೆಯನ್ನು ನೋಡಿರಲಿಲ್ಲ. ನರ್ಸ್ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ನಿಂತುಬಿಟ್ಟಳು. ತನ್ನ ಇಲಾಖೆಯಲ್ಲೂ ಒಬ್ಬ ಪುಣ್ಯಾತ್ಮ ಹೀಗೇ ಒಂದು ಇಡೀ ಬಡಾವಣೆಯನ್ನು ಕುಗ್ಗಿಸಿದ್ದ ಎಂದು ಸರ್ವೇಯರ್ ಹೇಳಿದ ಮೇಲೆ ಅವಳಿಗೆ ಉಸಿರು ಬಂತು.

ಡಾಕ್ಟರ್ ಬಂದು ತಾವೇ ಮಂಡಿಯೂರಿ ಮತ್ತೊಮ್ಮೆ ಓದಿದರು. ಔಷಧದವರಿಗೂ ಬರೀ ಗುಳಿಗೆಯವರಿಗೂ ಒಂದೇ ಮೋಸವಾಗಿರುವುದರಿಂದ ಹೋಲಿಕೆ ಪೂರ್ತಿ ಕೆಟ್ಟಿರಲಾರದು ಎಂದು ಅವರೊಂದಿಗೆ ಬಂದ ಸಹಾಯಕ ತಗ್ಗಿದ ದನಿಯಲ್ಲಿ ಹೇಳಿದ. ಡಾಕ್ಟರ್ ಒಪ್ಪಲಿಲ್ಲ. ಮುಗಿಸಿದವರು ಯಾರು, ಮುಗಿಸಲಾಗದವರು ಯಾರು ಎಂಬ ಗೆರೆಯೇ ಜಾರಿದೆಯಲ್ಲ ಎಂದರು.

“ಈ ಮಾತ್ರೆಯಿಂದ ನಾವು ಹುಡುಕ್ತಿರೋ ವ್ಯತ್ಯಾಸನೇ ಇಷ್ಟಿಲ್ಲ, ಸರ್,” ಎಂದು ಬೆರಳಿನಲ್ಲಿ ಆ ಒಂದು ಮೀಟರಿನ ಅಂತರವನ್ನು ತೋರಿಸಿದರು. ಹಿಂದಿನ ಮೂರು ವಾರದಲ್ಲಿ ಆ ಕಾರಿಡಾರಿನಲ್ಲಿ ನಡೆದಿದ್ದ ನಲವತ್ತಾರು ಜನರನ್ನೂ ಮತ್ತೆ ಕರೆಸಬೇಕೆಂದು ಅಲ್ಲೇ ತೀರ್ಮಾನವಾಯಿತು.

ದಾರಿಯುದ್ದಕ್ಕೂ ಸರ್ವೇಯರ್ ಅಕ್ಕನಿಗೆ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡ. ಮನೆ ಸೇರುವಷ್ಟರಲ್ಲಿ ಕೇಂದ್ರದ ಫೋನು ಅವನಿಗಿಂತ ಮೊದಲು ಬಂದಿತ್ತು. ಅಕ್ಕ ಮೆಟ್ಟಿಲ ಮೇಲೆಯೇ ಕೂತಿದ್ದಳು.

“ಮೂವತ್ತೈದು ವರ್ಷ ಊರಿನವರ ಫೋನೆಲ್ಲ ಜೋಡಿಸಿದವಳು ನಾನು. ನನ್ನ ಸುದ್ದಿ ನನಗೆ ಮೂರನೆಯವರಿಂದ ಬರಬೇಕಾ?”

“ನಿನಗೆ ಬೇಜಾರಾಗುತ್ತೆ ಅಂತ, ಅಕ್ಕ...”

“ನನ್ನ ಬೇಜಾರು ನಾನು ನೋಡ್ಕೋತೀನಿ. ನೀನು ಅಳತೆ ನೋಡ್ಕೋ.”

ಆಮೇಲೆ ಎರಡು ದಿನ ಅವಳು ಮಹಡಿಯಿಂದ ಕೆಳಗಿಳಿಯಲಿಲ್ಲ. ಮೂರನೆಯ ದಿನ ಅವನು ಪೇಪರು ಓದುತ್ತಿದ್ದಾಗ ಎದುರಿಗೆ ಬಂದು ನಿಂತು, ಸರಿಯಾದ ಲೆಕ್ಕಕ್ಕೆ ಎಷ್ಟು ಸಾಲದು ಎಂದು ಕೇಳಿದಳು. ಒಂದೇ ಒಂದು ಸಲ ಎಂದ. ಹಾಗಾದರೆ ನಡೆಯುತ್ತೇನೆ ಎಂದಳು. ಅಲ್ಲಿಯವರೆಗೆ ಬೀದಿಯಲ್ಲಿ ಸ್ವಲ್ಪ ಅಭ್ಯಾಸ ಮಾಡೋಣವೇ ಎಂದು ಅವನು ಹಲ್ಲು ಕಿರಿದಾಗ ಅವಳು ದುರುಗುಟ್ಟಿ ನೋಡಿದಳು. ಎಂದಿನ ಹಾಗೇ ಇರಿ ಎಂದು ಕೇಂದ್ರದವರು ಹೇಳಿದ್ದರು. ಪರೀಕ್ಷೆಗೆಂದೇ ಮೈ ಹುರಿಗೊಳಿಸಿಕೊಂಡು ಹೋದರೆ ಅದೂ ತುಂಡು ಟೇಪೇ ಅಲ್ಲವೇ ಎಂದು ಕೇಳಿದಳು. ಸರ್ವೇಯರ್ ಪೇಪರಿನೊಳಗೆ ಮುಖ ಹುದುಗಿಸಿದ.

ಕರೆ ಬಂದ ದಿನ ಅವನು ಮೊದಲು ನಡೆದ. ಆರುನೂರ ನಾಲ್ಕು ಹೆಜ್ಜೆ, ಐದು ನಿಮಿಷ ಐವತ್ತೆಂಟು ಸೆಕೆಂಡು. ಹೋದ ವರ್ಷಕ್ಕಿಂತ ಎಂಟು ಸೆಕೆಂಡು ನಿಧಾನ. ಎಲ್ಲರಿಗೂ ಆಗುವಂತೆ ತನಗೂ ಒಂದು ವರ್ಷ ವಯಸ್ಸಾಗಿದೆ. ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡ.

ನಂತರ ಅಕ್ಕ. ನಡೆಯುವವರಿಗೆ ಇನ್ನೆಷ್ಟು ಸಲ ಉಳಿದಿದೆ ಎಂದು ನರ್ಸ್ ಮಾತ್ರ ಹೇಳಬಹುದಿತ್ತು. ಉಳಿದವರು ತುಟಿ ಬಿಚ್ಚುವಂತಿರಲಿಲ್ಲ. ಹತ್ತರವರೆಗೆ ಅವಳು ಬೆನ್ನು ನೆಟ್ಟಗಿಟ್ಟುಕೊಂಡೇ ನಡೆದಳು. ಹದಿಮೂರರಲ್ಲಿ ಬಲಗಾಲು ಎಳೆಯತೊಡಗಿತು. ಹದಿನೇಳು ಮುಗಿದಾಗ ಕುರ್ಚಿಯ ಕಡೆ ನೋಡಲೂ ಇಲ್ಲ, ತಿರುಗಿ ಹೊರಟಳು. ಹದಿನೆಂಟರ ಕೊನೆಗೆ ಗೋಡೆಗೆ ಕೈಕೊಟ್ಟು ನಿಂತಳು. ಸರ್ವೇಯರ್‌ಗೆ ಬಾಯಿ ಬಿಡದಿರುವುದು ಎಂದೂ ಇಷ್ಟು ಕಷ್ಟವಾಗಿರಲಿಲ್ಲ. ಎರಡು ಕೈಯಲ್ಲೂ ಬೆಂಚಿನ ಅಂಚು ಹಿಡಿದುಕೊಂಡ. ಅವಳು ಗೋಡೆ ಬಿಟ್ಟು ಹೊರಟಳು. ಒಂದೊಂದೇ ಹೆಜ್ಜೆಯಿಟ್ಟು ಹತ್ತೊಂಬತ್ತು ಮುಟ್ಟಿದಳು, ತಿರುಗಿದಳು, ಎರಡು ಹೆಜ್ಜೆ ಹಾಕಿದಳು. ಮೂರನೆಯದಕ್ಕೆ ಕಾಲು ಏಳಲಿಲ್ಲ. ಸಾವಕಾಶವಾಗಿ ಕುರ್ಚಿಗೆ ಬಂದು, ಸೀರೆ ಸರಿಮಾಡಿಕೊಂಡು ಕೂತಳು.

ನರ್ಸ್ ಪೆನ್ನು ಹಿಡಿದು ಹಿಂದೆಮುಂದೆ ನೋಡುತ್ತಿದ್ದಳು. ಹೆಚ್ಚುಕಮ್ಮಿ ಇಪ್ಪತ್ತೇ ಅಮ್ಮ ಎಂದಳು.

“ಹೆಚ್ಚೂ ಬೇಡ, ಕಮ್ಮಿನೂ ಬೇಡ. ಹತ್ತೊಂಬತ್ತು ಅಂತ ಬರಿಯಮ್ಮ.” ಅಕ್ಕ ಏದುಸಿರು ಬಿಡುತ್ತಲೇ ತಮ್ಮನ ಕಡೆ ತಿರುಗಿದಳು. “ಲೋ, ಹೋದ ವರ್ಷದ ಹದಿನೇಳು ಸರಿಯಾದ ಅಳತೆಯದು ತಾನೇ?”

“ಹೌದಕ್ಕ. ಹಳೇ ಕಾರಿಡಾರು ಪ್ರತಿ ಸಲವೂ ಮೂವತ್ತೇ ಹೆಜ್ಜೆ ಇತ್ತು.”

“ಇದೂ?”

“ಇದನ್ನ ನಾನೇ ನಿಂತು ಅಂಟಿಸಿದ್ದೀನಿ.”

“ಹಾಗಾದ್ರೆ ಎರಡು ಜಾಸ್ತಿ,” ಎಂದಳು ಅಕ್ಕ.

ನರ್ಸ್ ‘ಪೂರ್ಣಗೊಳಿಸಲಿಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಮುನ್ನೂರ ಎಂಬತ್ತು ಎಂದು ಬರೆದಳು. ಅಕ್ಕ ಕನ್ನಡಕ ಹಾಕಿಕೊಂಡು ಫಾರಮ್ಮನ್ನು ಹತ್ತಿರ ಎಳೆದು ಅಂಕಿಗಳನ್ನು ಓದಿದಳು. ಈ ಸಲ ಆ ಚೌಕದ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ. ಮುಂದಿನ ವರ್ಷದ ತಾರೀಕು ಯಾವುದು ಎಂದು ಕೇಳಿದಳು. ಅದಿನ್ನೂ ನಿಗದಿಯಾಗಿಲ್ಲ, ಫೋನು ಮಾಡುತ್ತೇವೆ ಎಂದಳು ನರ್ಸ್.

“ಮಾಡು. ಆದ್ರೆ ನನಗೇ ಮಾಡು, ಇವನಿಗಲ್ಲ,” ಎಂದು ಅಕ್ಕ ಎದ್ದು ನಿಲ್ಲಲು ತಮ್ಮನ ಕಡೆ ಕೈ ಚಾಚಿದಳು.