ಮೇಷ್ಟ್ರ ತೊಟ್ಟಿಗೆ ಗಾಜಿನ ಮುಚ್ಚಳ

ಸೊಸೆ ಮದುವೆಯಾಗಿ ಆ ಮನೆಗೆ ಬಂದಾಗ ತಂದದ್ದು ಎರಡು ಪೆಟ್ಟಿಗೆ ಬಟ್ಟೆ, ಒಂದು ಹೊಲಿಗೆ ಯಂತ್ರ, ಒಂದು ಪ್ಲಾಸ್ಟಿಕ್ ಟಬ್ಬು. ಟಬ್ಬಿನೊಳಗೆ ಅವಳು ಹನ್ನೊಂದು ವರ್ಷದಿಂದ ಸಾಕಿದ ನೀರಾಮೆ. ಮಗ್ಗಿ ತಪ್ಪಿದವರನ್ನು ನೋಡುವ ಹಾಗೆ ಕತ್ತೆತ್ತಿ ಎಲ್ಲರನ್ನೂ ದಿಟ್ಟಿಸುತ್ತಿದ್ದುದರಿಂದ ಅದಕ್ಕೆ ಮೇಷ್ಟ್ರು ಎಂದೇ ಹೆಸರು.

ಈಚೆಗೆ ಮೇಷ್ಟ್ರು ಕತ್ತೆತ್ತುವುದನ್ನೇ ಬಿಟ್ಟಿದ್ದರು. ಚಿಪ್ಪಿನ ಅಂಚು ಒತ್ತಿದರೆ ನೆನೆದ ರಟ್ಟಿನಂತೆ ಬಗ್ಗುತ್ತಿತ್ತು. ಪಶುವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು.

"ಟಬ್ಬಲ್ಲೇ ಇಟ್ರೆ ಇದು ಉಳಿಯಲ್ಲ. ಈಜೋಕೆ ಆಳವಾದ ನೀರು ಬೇಕು, ಹತ್ತಿ ಮೈ ಒಣಗಿಸ್ಕೊಳ್ಳೋಕೆ ಜಾಗ ಬೇಕು, ಮೇಲೆ ಬಿಸಿಲಿನಂಥ ಬೆಳಕು ಕೊಡೋ ದೀಪ ಬೇಕು. ಔಷಧಿ ಕೊಡ್ತೀನಿ. ಮೂರು ತಿಂಗಳಲ್ಲಿ ಚಿಪ್ಪು ಗಟ್ಟಿಯಾಗ್ಬೇಕು."

ಮಾವ ಗಾಜಿನ ಕೆಲಸದವರು. ಊರಿನ ಅರ್ಧ ಕಿಟಕಿಗಳು ಅವರ ಕೈದಾಟಿ ಬಂದವು. ಮಾತು ಮಾತ್ರ ಅಳೆದು ತೂಗಿ. ಸೊಸೆ ಹೇಳಿದ್ದನ್ನೆಲ್ಲ ಕೇಳಿ, ಮೇಷ್ಟ್ರ ಉದ್ದಗಲವನ್ನು ಟೇಪಿನಲ್ಲಿ ಅಳೆದು, "ಆಯ್ತು" ಎಂದು ಎದ್ದರು.

ಭಾನುವಾರ ಹಜಾರವೇ ಕಾರ್ಖಾನೆಯಾಯಿತು. ದಪ್ಪ ಗಾಜಿನ ಮೇಲೆ ಅವರು ವಜ್ರದ ಮೊನೆಯನ್ನು ಒಂದೇ ಒಂದು ಸಲ ಎಳೆಯುತ್ತಿದ್ದರು, ಎರಡನೆಯ ಗೀಟು ಎಂಬುದೇ ಇಲ್ಲ. ಅಂಚುಗಳನ್ನು ಒದ್ದೆ ಕಲ್ಲಿನಿಂದ ಉಜ್ಜಿ, ಕೂಸಿನ ಕೆನ್ನೆಗೆ ತಾಗಿಸಿದರೂ ಗೀರಾಗದಷ್ಟು ನಯ ಮಾಡಿದರು. ಅಂಟು ಒಣಗಲು ಎರಡು ದಿನ ಬಿಟ್ಟು, ಅಡಿಯಲ್ಲಿ ಹಳೇ ಪತ್ರಿಕೆ ಹಾಸಿ, ತೊಟ್ಟಿಗೆ ನೀರು ತುಂಬಿಸಿ, ಸೋರುತ್ತದೇನೋ ಎಂದು ಮೂರು ದಿನ ಕಾದರು. ಪತ್ರಿಕೆಯ ಒಂದಕ್ಷರವೂ ನೆನೆಯಲಿಲ್ಲ. ಮೇಷ್ಟ್ರು ಹತ್ತಿ ಕೂರಲು ಒಂದು ಇಳಿಜಾರು ಹಲಗೆ ಮಾಡಿದರು. ಉಗುರು ಜಾರದಿರಲೆಂದು ಅದರ ಮೈಯನ್ನು ತರಿತರಿಯಾಗಿಸಿದ್ದರು. ಸೊಸೆ ಹೊಲಿಗೆ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದಳು. ತಾನೂ ಅಳತೆಯ ಕಸುಬಿನವಳೇ, ಆದರೆ ತನ್ನ ಬಟ್ಟೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು.

ಕೊನೆಗೆ ಮುಚ್ಚಳ. ಅದೂ ಗಾಜಿನದೇ. ಗಾಳಿಯಾಡಲು ನಾಲ್ಕು ತೂತು ಕೊರೆದು, ಮೇಲೆ ದೀಪ ಕೂರಿಸಿದರು.

"ಈ ಮನೇಲಿ ಉಪ್ಪಿನ ಡಬ್ಬಿಗೂ ಗಾಜಿನ ಮುಚ್ಚಳ," ಎಂದರು ಅತ್ತೆ. "ಇನ್ನು ನನ್ನ ತಲೆಗೊಂದು ಬಾಕಿ!"

ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸ ಮುಗಿಸಿದ ಮೇಲೆ ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, "ಸರಿಯಾಗಿದೆ" ಎನ್ನುವುದು ಅವರ ರೂಢಿ. ಹಾಗೇ ತಟ್ಟಿದರು. ಹಾಗೇ ಅಂದರು.

ಮೇಷ್ಟ್ರು ದಿನವೂ ಹಲಗೆ ಹತ್ತಿ ಕಾಲು ಚಾಚಿ ಕೂತರು. ಒಂದು ತಿಂಗಳು ಕಳೆಯಿತು. ಚಿಪ್ಪು ಮಾತ್ರ ಇನ್ನೂ ಬಗ್ಗುತ್ತಲೇ ಇತ್ತು. ಸೊಸೆಗೆ ಊಟ ಸೇರದಾಯಿತು. ಮತ್ತೆ ಆಸ್ಪತ್ರೆಗೆ ಹೊರಟಾಗ ಮಾವನೂ ಚಪ್ಪಲಿ ಮೆಟ್ಟಿದರು.

ವೈದ್ಯೆ ಫೋನಿನಲ್ಲಿ ತೊಟ್ಟಿಯ ಫೋಟೋ ನೋಡಿದರು. "ದೀಪ ಸರಿಯಾದ್ದೇ. ಅದರ ಕೆಳಗಿರೋದೇನು?"

"ಗಾಜು," ಎಂದರು ಮಾವ. "ಒಂದು ಗುಳ್ಳೆ ಇಲ್ಲ ನೋಡಿ. ಬೆಳಕು ಹಾಗೇ ಇಳಿಯುತ್ತೆ."

"ನಮ್ಮ ಕಣ್ಣಿಗೆ ಕಾಣೋ ಬೆಳಕು ಇಳಿಯುತ್ತೆ, ಯಜಮಾನ್ರೇ. ಚಿಪ್ಪಿಗೆ ಬೇಕಾದ ಕಿರಣ ಗಾಜು ದಾಟಲ್ಲ. ಇದು ತಿಂಗಳಿಂದ ಸುಮ್ನೆ ದೀಪ ನೋಡ್ಕೊಂಡು ಕೂತಿದೆ ಅಷ್ಟೆ."

ಸೊಸೆಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಬಸ್ಸಿನಲ್ಲಿ ಮಾವ ಕಿಟಕಿಯ ಗಾಜಿನ ಮೇಲೆ ಬಿದ್ದ ಬಿಸಿಲನ್ನೇ ನೋಡುತ್ತಿದ್ದರು. ಇನ್ನು ತೊಟ್ಟಿಯ ಹತ್ತಿರವೂ ಸುಳಿಯುವುದಿಲ್ಲ ಎಂದು ಅವಳಂದುಕೊಂಡಳು.

ಮನೆಗೆ ಬಂದವರೇ ಅವರು ಚಪ್ಪಲಿಯನ್ನೂ ಕಳಚದೆ ಹೋಗಿ ಮುಚ್ಚಳ ಎತ್ತಿದರು.

"ನಲವತ್ತು ವರ್ಷ, ಗಾಜು ಬೆಳಕನ್ನ ತಡೆಯಲ್ಲ ಅಂತ ಹೇಳಿಕೊಂಡೇ ಮಾರಿದೆ," ಎಂದರು. "ನನಗೇ ಗೊತ್ತಿರ್ಲಿಲ್ಲ, ಮಗಳೇ. ನಿನ್ನ ಮೇಷ್ಟ್ರು ಈ ವಯಸ್ಸಲ್ಲಿ ನಂಗೆ ಪಾಠ ಹೇಳಿದ್ರು."

"ಮಾವ, ನೀವು ಅಷ್ಟು ಕಷ್ಟಪಟ್ಟು..."

"ಕಷ್ಟ ಇರ್ಲಿ. ಒಂದು ತಿಂಗಳು ಹೋಯ್ತು. ತಂತಿ ಜಾಲರಿ ಎಲ್ಲಿದೆ ನೋಡು."

ಅಂಗಡಿಯ ದೊಡ್ಡ ಗಾಜಿಗೆ ಕಟ್ಟುವಷ್ಟೇ ಶ್ರದ್ಧೆಯಿಂದ ಜಾಲರಿಗೆ ಚೌಕಟ್ಟು ಕಟ್ಟಿದರು. ಅಂಚಿನ ತಂತಿಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿದರು. ತಪ್ಪನ್ನು ಇಷ್ಟು ಹಗುರಾಗಿ ಎತ್ತಿ ಪಕ್ಕಕ್ಕಿಟ್ಟವರನ್ನು ಸೊಸೆ ಕಂಡಿರಲಿಲ್ಲ. ಆ ಗೀಟು ಎಳೆಯುವ ಕೈಗಿಂತ ಮಾವನ ಮನಸ್ಸೇ ದೊಡ್ಡದು ಅನ್ನಿಸಿ ಅವಳ ಕಣ್ಣು ತುಂಬಿತು.

"ಆ ಮುಚ್ಚಳ ಏನ್ಮಾಡ್ತೀರಿ?" ಅತ್ತೆ ಕೇಳಿದರು.

"ನಿನ್ನ ತಲೆಗೆ ಬೇಕು ಅಂದಿದ್ಯಲ್ಲ."

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಹಲಗೆಯ ಮೇಲಿದ್ದರು. ಸೊಸೆ ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ಮಾವಾ, ಬನ್ನಿ ಇಲ್ಲಿ!"

ಮಾವ ಬಂದರು. ಕೈಯನ್ನು ಪಂಚೆಗೆ ಒರೆಸಿಕೊಂಡು, ಬಗ್ಗಿ, ಚಿಪ್ಪನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಟಕ್ ಎಂದಿತು. ಮೇಷ್ಟ್ರು ಕತ್ತೆತ್ತಿ ಅವರನ್ನೇ ದಿಟ್ಟಿಸಿದರು. ಮಾವ ಬಾಯಿ ತೆರೆದವರು, ಹಾಗೇ ಮುಚ್ಚಿ, ಸೊಸೆಯ ಕಡೆ ತಿರುಗಿದರು.

"ನೀನೇ ಹೇಳು," ಎಂದರು.

"ಸರಿಯಾಗಿದೆ, ಮಾವ," ಎಂದಳು ಅವಳು.